ಹವ್ಯಾಸಿಯ ಕ್ಯಾಮೆರಾ

ನಮ್ಮ ಮನೆಗಳಲ್ಲಿ ಛಾಯಾಚಿತ್ರಗಳಿಗೆ ಒಂದು ನಿಶ್ಚಿತವಾದ ಸ್ಥಾನವಿದೆ. ನಡುಮನೆಯ ಗೋಡೆಯ ಮೇಲೆ ಗಂಧದ ಹಾರ ಹಾಕಿದ ಹಿರಿಯರ ಭಾವಚಿತ್ರ. ಬೀರುವಿನೊಳಗೆ ಜೋಪಾನವಾಗಿ ಸುತ್ತಿಟ್ಟ ಮದುವೆಯ ಆಲ್ಬಂ. ಶಾಲೆಯ ಕೊನೆಯ ದಿನ ಉಪಾಧ್ಯಾಯರೊಡನೆ ಸಾಲಾಗಿ ಕುಳಿತು ತೆಗೆಸಿಕೊಂಡ ಗುಂಪುಚಿತ್ರ. ಇವುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ವಿಶೇಷವಾದ ದಿನಗಳು ಮಾತ್ರವೇ ಚಿತ್ರಕ್ಕೆ ಯೋಗ್ಯವಾದುವು ಎಂದು ನಾವು ಭಾವಿಸುತ್ತ ಬಂದಿದ್ದೇವೆ. ಮೊಮ್ಮಗಳ ಮದುವೆಯಂದು ಅಜ್ಜಿ ಉಟ್ಟಿದ್ದ ಸೀರೆಯ ಅಂಚು ಎಂಥದು ಎಂಬುದಕ್ಕೆ ಸಾಕ್ಷಿ ಇದೆ. ಆಕೆ ನಲವತ್ತು ವರ್ಷ ದಿನವೂ ನೀರು ಸೇದಿದ ಬಾವಿಕಟ್ಟೆ ಹೇಗಿತ್ತು ಎಂಬುದಕ್ಕೆ ಸಾಕ್ಷಿ ಇಲ್ಲ. ಊರ ದೇವರ ರಥೋತ್ಸವದ ಚಿತ್ರವಿದೆ. ರಥ ಹಾದುಹೋದ ಅದೇ ಬೀದಿ ಮಾರನೆಯ ದಿನ ಬೆಳಗ್ಗೆ, ಹಾಲು ಮಾರುವವನು ಬಂದ ಹೊತ್ತಿನಲ್ಲಿ, ಹೇಗೆ ಕಾಣುತ್ತಿತ್ತು ಎಂಬುದರ ಚಿತ್ರವಿಲ್ಲ. ಹಬ್ಬದ ನೆನಪನ್ನು ಉಳಿಸಿಕೊಂಡು ದಿನನಿತ್ಯದ ಬದುಕಿನ ನೆನಪನ್ನು ನಾವು ಕೈಬಿಟ್ಟಿದ್ದೇವೆ.

ಈ ಕೊರತೆಯನ್ನು ತುಂಬಬಲ್ಲವನು ಹವ್ಯಾಸಿ ಛಾಯಾಗ್ರಾಹಕ. ವೃತ್ತಿನಿರತ ಛಾಯಾಗ್ರಾಹಕನು ಕರೆದಲ್ಲಿಗೆ ಹೋಗಬೇಕು, ಹಣ ಕೊಟ್ಟವರು ಬಯಸಿದುದನ್ನು ತೆಗೆಯಬೇಕು. ಪತ್ರಿಕೆಯ ಛಾಯಾಗ್ರಾಹಕನಿಗೆ ಸುದ್ದಿ ಬೇಕು. ಇದರಲ್ಲಿ ಅವರ ದೋಷವೇನೂ ಇಲ್ಲ. ಅದು ಅವರ ಜೀವನೋಪಾಯ. ಆದರೆ ಸಂತೆಯ ಮೂಲೆಯಲ್ಲಿ ಸೊಪ್ಪಿನ ಕಂತೆ ಕಟ್ಟುತ್ತ ಕುಳಿತ ಹೆಂಗಸು, ಮಳೆ ನಿಂತ ಮೇಲೆ ಬೀದಿಯ ನೀರಿನಲ್ಲಿ ಕಾಗದದ ದೋಣಿ ಬಿಡುವ ಮಕ್ಕಳು, ವಿದ್ಯುತ್ ತಂತಿಯ ಮೇಲೆ ಸಾಲಾಗಿ ಕುಳಿತ ಮೈನಾಗಳು - ಇವು ಸಮಾರಂಭವೂ ಅಲ್ಲ, ಸುದ್ದಿಯೂ ಅಲ್ಲ. ಇವುಗಳ ಚಿತ್ರ ತೆಗೆಯೆಂದು ಯಾರೂ ಯಾರಿಗೂ ಹಣ ಕೊಡುವುದಿಲ್ಲ. ಯಾರ ಅಪ್ಪಣೆಗೂ ಕಾಯದೆ, ಯಾವ ಪ್ರತಿಫಲವನ್ನೂ ಬಯಸದೆ, ತನ್ನ ಸಂತೋಷಕ್ಕಾಗಿಯೇ ಇವುಗಳ ಮುಂದೆ ನಿಲ್ಲುವ ಸ್ವಾತಂತ್ರ್ಯ ಇರುವುದು ಹವ್ಯಾಸಿಗೆ ಮಾತ್ರ. ಹವ್ಯಾಸವೆಂದರೆ ಹೊತ್ತು ಕಳೆಯುವ ಉಪಾಯ ಎಂಬುದು ಅನೇಕರ ಎಣಿಕೆ. ಬೀದಿಯ ಬದುಕನ್ನೂ ಮನೆಯ ಸುತ್ತಲಿನ ಪ್ರಕೃತಿಯನ್ನೂ ಶ್ರದ್ಧೆಯಿಂದ ಚಿತ್ರಿಸುವ ಹವ್ಯಾಸವು ಅದಕ್ಕಿಂತ ಮಿಗಿಲಾದುದು, ಅದು ಸಮಾಜಕ್ಕೆ ಸಲ್ಲುವ ಒಂದು ಸೇವೆ ಎಂಬುದು ನನ್ನ ಅಭಿಪ್ರಾಯ. ಆದರೆ ಆ ಹೆಸರಿಗೆ ಅದು ಅರ್ಹವಾಗಬೇಕಾದರೆ ಮೂರು ಗುಣಗಳು ಬೇಕು: ನೋಡುವ ತಾಳ್ಮೆ, ನೋಡಿದುದರ ಬಗೆಗೆ ಗೌರವ, ತೆಗೆದುದನ್ನು ಕಾಪಾಡುವ ಎಚ್ಚರ.

ಛಾಯಾಗ್ರಹಣದ ಇತಿಹಾಸವು ಒಂದು ಬೀದಿಯಿಂದಲೇ ಈ ಪಾಠವನ್ನು ಹೇಳಿಕೊಡುತ್ತದೆ. ಫ್ರಾನ್ಸಿನ ಲೂಯಿ ಡಾಗೇರ್ ಎಂಬಾತನು ಬೆಳ್ಳಿಯ ಲೇಪವಿರುವ ತಗಡಿನ ಮೇಲೆ ಬೆಳಕಿನಿಂದ ಚಿತ್ರ ಮೂಡಿಸುವ ವಿಧಾನವನ್ನು ಕಂಡುಕೊಂಡನು. 1839ರಲ್ಲಿ ಆ ವಿಧಾನವು ಲೋಕಕ್ಕೆ ಪ್ರಕಟವಾಯಿತು. ಅದಕ್ಕೆ ಒಂದು ವರ್ಷ ಮೊದಲು, 1838ರಲ್ಲಿ, ಆತ ಪ್ಯಾರಿಸ್ ನಗರದ ಒಂದು ಹೆದ್ದಾರಿಯನ್ನು ಎತ್ತರದ ಕಿಟಕಿಯೊಂದರಿಂದ ಚಿತ್ರಿಸಿದ್ದನು. ಜನರಿಂದಲೂ ಕುದುರೆಗಾಡಿಗಳಿಂದಲೂ ತುಂಬಿ ತುಳುಕುವ ಬೀದಿ ಅದು. ಚಿತ್ರದಲ್ಲಿ ಮಾತ್ರ ಬೀದಿ ಬರಿದಾಗಿದೆ! ಕಾರಣ ಸರಳವಾದುದು. ಅಂದಿನ ತಗಡು ಬೆಳಕನ್ನು ಗ್ರಹಿಸಲು ಹಲವು ನಿಮಿಷಗಳು ಬೇಕಾಗಿದ್ದುವು. ಅಷ್ಟರಲ್ಲಿ ನಡೆದು ಹೋದವರು ಯಾವ ಗುರುತನ್ನೂ ಉಳಿಸಲಿಲ್ಲ. ಆದರೆ ಬೀದಿಯ ಒಂದು ಮೂಲೆಯಲ್ಲಿ ಒಬ್ಬ ಮನುಷ್ಯ ಕಾಲೊಂದನ್ನು ಎತ್ತಿಟ್ಟು ನಿಂತಿರುವುದು ಕಾಣುತ್ತದೆ. ಆತ ಬೂಟಿಗೆ ಬಣ್ಣ ಹಾಕಿಸಿಕೊಳ್ಳುತ್ತಿದ್ದನು. ಒಂದೇ ಕಡೆ ನಿಂತುದರಿಂದ ಅವನೂ, ಅವನ ಮುಂದೆ ಬಾಗಿ ಕೆಲಸ ಮಾಡುತ್ತಿದ್ದವನೂ ಚಿತ್ರದಲ್ಲಿ ಉಳಿದುಕೊಂಡರು. ಛಾಯಾಚಿತ್ರದಲ್ಲಿ ಗುರುತಿಸಬಹುದಾದ ಮೊತ್ತಮೊದಲ ಮನುಷ್ಯರು ಇವರೇ ಎಂದು ಪರಿಗಣಿಸಲಾಗಿದೆ. ಅವರು ಅರಸರಲ್ಲ, ಸೇನಾಪತಿಗಳಲ್ಲ. ಬೀದಿಯಲ್ಲಿ ಬೂಟು ಒರೆಸುವ ಒಬ್ಬ ಶ್ರಮಜೀವಿ ಮತ್ತು ಅವನ ಗಿರಾಕಿ. ಅವರ ಹೆಸರು ಯಾರಿಗೂ ತಿಳಿಯದು. ಸಾಮಾನ್ಯರ ಸಾಮಾನ್ಯವಾದ ಒಂದು ಬೆಳಗು ಹೀಗೆ ಅನಿರೀಕ್ಷಿತವಾಗಿ ಇತಿಹಾಸವನ್ನು ಸೇರಿತು.

ಅಂದು ಕ್ಯಾಮೆರಾ ಹಿಡಿಯುವುದು ರಸಾಯನ ವಿದ್ಯೆ ಬಲ್ಲವರಿಗೂ ಹಣವಂತರಿಗೂ ಮಾತ್ರ ಸಾಧ್ಯವಾಗಿದ್ದಿತು. 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ನನು ನೂರು ಚಿತ್ರಗಳ ಸುರುಳಿ ತುಂಬಿದ ಕೊಡಕ್ ಕ್ಯಾಮೆರಾವನ್ನು ಮಾರಾಟಕ್ಕೆ ತಂದನು. 1900ರಲ್ಲಿ ಬಂದ ಬ್ರೌನಿ ಎಂಬ ಪುಟ್ಟ ಪೆಟ್ಟಿಗೆ ಕ್ಯಾಮೆರಾದ ಬೆಲೆ ಒಂದು ಡಾಲರು ಮಾತ್ರ. 1975ರಲ್ಲಿ ಅದೇ ಕೊಡಕ್ ಸಂಸ್ಥೆಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಎಂಬುವರು ಫಿಲ್ಮ್ ಬೇಡದ ಡಿಜಿಟಲ್ ಕ್ಯಾಮೆರಾವನ್ನು ರಚಿಸಿದರು. ಒಂದು ಚಿತ್ರವನ್ನು ಕ್ಯಾಸೆಟ್ಟಿನ ಮೇಲೆ ದಾಖಲಿಸಲು ಅದಕ್ಕೆ 23 ಸೆಕೆಂಡುಗಳು ಬೇಕಾಗುತ್ತಿದ್ದುವು. ಇಂದು ಹೊಲಕ್ಕೆ ಹೋಗುವ ರೈತನ ಜೇಬಿನಲ್ಲಿಯೂ ಕ್ಯಾಮೆರಾವುಳ್ಳ ಮೊಬೈಲ್ ಫೋನಿದೆ. 36 ಚಿತ್ರಗಳ ಸುರುಳಿಯನ್ನು ತಿಂಗಳುಗಟ್ಟಲೆ ಲೆಕ್ಕವಿಟ್ಟು ಬಳಸುತ್ತಿದ್ದ ಕಾಲ ಹೋಯಿತು. ಒಂದು ಮಧ್ಯಾಹ್ನದಲ್ಲಿ ಮುನ್ನೂರು ಚಿತ್ರ ತೆಗೆದರೂ ಕೇಳುವವರಿಲ್ಲ. ಸಾಧನದ ಕೊರತೆ ನೀಗಿದೆ. ಆದರೆ ಸಾಧನ ಸುಲಭವಾದಷ್ಟೂ ನೋಟ ಹರಿತವಾಗಿದೆಯೇ? ಇಲ್ಲವೆಂದೇ ಹೇಳಬೇಕಾಗಿದೆ. ನಾವು ಹೆಚ್ಚಾಗಿ ತೆಗೆಯುವುದು ನಮ್ಮ ಮುಖವನ್ನೇ. ಪ್ರವಾಸಕ್ಕೆ ಹೋದರೆ ಜಲಪಾತಕ್ಕೆ ಬೆನ್ನು ತಿರುಗಿಸಿ ನಿಲ್ಲುತ್ತೇವೆ.

ಹಿತ್ತಲ ಗಿಡ ಮದ್ದಲ್ಲ ಎಂಬುದು ನಮ್ಮ ಗಾದೆ. ಹತ್ತಿರವಿದ್ದುದರ ಬೆಲೆ ನಮಗೆ ತಿಳಿಯುವುದಿಲ್ಲ ಎಂಬ ಮನುಷ್ಯಸ್ವಭಾವವನ್ನು ಅದು ಎತ್ತಿ ಆಡುತ್ತದೆ. ಛಾಯಾಗ್ರಹಣದ ಹವ್ಯಾಸ ಹಿಡಿದವರು ಮೊದಲು ಗೆಲ್ಲಬೇಕಾದುದು ಈ ಸ್ವಭಾವವನ್ನೇ. ಒಳ್ಳೆಯ ಚಿತ್ರ ಬೇಕಾದರೆ ಹಿಮಾಲಯಕ್ಕೆ ಹೋಗಬೇಕು, ಹುಲಿಯನ್ನು ಕಾಣಬೇಕು, ದುಬಾರಿಯಾದ ಮಸೂರಗಳನ್ನು ಕೊಳ್ಳಬೇಕು ಎಂದು ಅನೇಕರು ನಂಬಿದ್ದಾರೆ. ಇದಕ್ಕೆ ತಕ್ಕ ಉತ್ತರ ವಿಲ್ಸನ್ ಬೆಂಟ್ಲಿ ಎಂಬ ರೈತನ ಬದುಕಿನಲ್ಲಿದೆ. ಆತ 1865ರಲ್ಲಿ ಹುಟ್ಟಿದವನು. ಅಮೆರಿಕದ ವರ್ಮಾಂಟ್ ರಾಜ್ಯದ ಜೆರಿಕೊ ಎಂಬ ಊರಿನವನು. ಅಲ್ಲಿ ಚಳಿಗಾಲವೆಂದರೆ ಹಿಮ. ಬೇಡವೆಂದರೂ ಅಂಗಳದ ತುಂಬ ಬೀಳುವ ಹಿಮ. ಊರಿನವರಿಗೆ ಅದು ಸಲಿಕೆಯಿಂದ ಬಳಿದು ಹಾಕಬೇಕಾದ ತೊಂದರೆ. ಬೆಂಟ್ಲಿ ಆ ಹಿಮದ ಒಂದೊಂದು ಹಳುಕನ್ನೂ ಕಪ್ಪು ಹಲಗೆಯ ಮೇಲೆ ಹಿಡಿದು, ಉಸಿರಿನ ಬಿಸಿಗೆ ಕರಗೀತೆಂದು ಉಸಿರು ಬಿಗಿಹಿಡಿದು, ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾವನ್ನು ಜೋಡಿಸಿ ಚಿತ್ರ ತೆಗೆದನು. 1885ರ ಜನವರಿಯಲ್ಲಿ ಆತನಿಗೆ ಮೊದಲ ಯಶಸ್ಸು ದೊರೆತಾಗ ವಯಸ್ಸು ಇನ್ನೂ ಹತ್ತೊಂಬತ್ತು. ಮುಂದೆ 1931ರಲ್ಲಿ ತೀರಿಕೊಳ್ಳುವವರೆಗೆ ಐದು ಸಾವಿರಕ್ಕೂ ಹೆಚ್ಚು ಹಿಮದ ಹರಳುಗಳ ಚಿತ್ರಗಳನ್ನು ತೆಗೆದನು. ಹಿಮದ ಹರಳುಗಳ ಆರು ಮೂಲೆಯ ಚೆಲುವನ್ನು, ಅವುಗಳ ಅಪಾರ ವೈವಿಧ್ಯವನ್ನು ಜಗತ್ತು ಕಣ್ಣಾರೆ ಕಂಡುದು ಈ ರೈತನಿಂದ. ಆತ ಅದಕ್ಕಾಗಿ ದೂರದೇಶಗಳಿಗೆ ಅಲೆಯಲಿಲ್ಲ; ತನ್ನ ಅಂಗಳಕ್ಕೆ ಬಂದುದನ್ನು ಅಲಕ್ಷಿಸಲಿಲ್ಲ, ಅಷ್ಟೆ.

ಪ್ರಕೃತಿಯ ವಿಷಯದಲ್ಲಿ ಬೆಂಟ್ಲಿ ಮಾಡಿದುದನ್ನು ನಗರದ ಬೀದಿಯ ವಿಷಯದಲ್ಲಿ ಮಾಡಿದವಳು ವಿವಿಯನ್ ಮಯರ್. ಈಕೆ ಅಮೆರಿಕದ ಷಿಕಾಗೋ ನಗರದಲ್ಲಿ ಪರರ ಮಕ್ಕಳನ್ನು ನೋಡಿಕೊಳ್ಳುವ ದಾದಿಯಾಗಿ ಜೀವನ ಸಾಗಿಸಿದಳು. ಬಿಡುವು ದೊರೆತಾಗಲೆಲ್ಲ ಕ್ಯಾಮೆರಾವನ್ನು ಕೊರಳಿಗೆ ತೂಗುಹಾಕಿಕೊಂಡು ಬೀದಿ ಬೀದಿ ನಡೆದಳು. ಅಂಗಡಿಯ ಗಾಜಿನಲ್ಲಿ ಬಿದ್ದ ನೆರಳು, ಬಸ್ಸಿಗಾಗಿ ಕಾದು ದಣಿದ ಮುದುಕಿ, ಅಳುವ ಮಗು, ದಿನಪತ್ರಿಕೆಯ ಮೇಲೆ ಮಲಗಿದ ನಿರ್ಗತಿಕ - ಹೀಗೆ ಒಂದು ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದಳು. ಅವುಗಳನ್ನು ಪ್ರಕಟಿಸಲಿಲ್ಲ; ಎಷ್ಟೋ ಸುರುಳಿಗಳನ್ನು ತೊಳೆಸಿ ನೋಡಲೂ ಇಲ್ಲ. 2007ರಲ್ಲಿ, ಸಾಮಾನು ಇಟ್ಟಿದ್ದ ಕೊಠಡಿಯ ಬಾಡಿಗೆ ಬಾಕಿಯಾದುದರಿಂದ, ಆಕೆಯ ಪೆಟ್ಟಿಗೆಗಳು ಹರಾಜಾದುವು. ಕೊಂಡವರು ತೆರೆದು ನೋಡಿದಾಗ ಒಂದು ನಗರದ ಹಲವು ದಶಕಗಳ ಜೀವನವೇ ಅಲ್ಲಿ ಮಡಿಚಿಟ್ಟಂತೆ ಇದ್ದಿತು. 2009ರಲ್ಲಿ ಆಕೆ ತೀರಿಕೊಂಡ ಮೇಲೆ ಆ ಚಿತ್ರಗಳು ಲೋಕವಿಖ್ಯಾತವಾದುವು. ದಾದಿಯೊಬ್ಬಳ ಹವ್ಯಾಸವು ಒಂದು ಮಹಾನಗರಕ್ಕೆ ಅದರ ಮುಖವನ್ನು ತೋರಿಸಿತು. ಹರಾಜಿನಲ್ಲಿ ಕೊಳ್ಳುವವರು ಇಲ್ಲದೆ ಹೋಗಿದ್ದರೆ ಅದೆಲ್ಲವೂ ಕಸವಾಗುತ್ತಿದ್ದಿತು ಎಂಬುದನ್ನೂ ಇಲ್ಲಿ ಮರೆಯಬಾರದು.

ದೂರದ ನಿದರ್ಶನಗಳನ್ನು ಬಿಟ್ಟು ನಮ್ಮ ನಾಡಿಗೇ ಬರೋಣ. 2017ರಲ್ಲಿ ಹೊರಬಂದ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಹಂಪೆಯ ಕಲ್ಲಿನ ರಥದ ಚಿತ್ರವಿದೆ. ವಿಜಯವಿಠ್ಠಲ ದೇವಾಲಯದ ಪ್ರಾಕಾರದಲ್ಲಿರುವ ಈ ರಥವನ್ನು ನೋಡದ ಕನ್ನಡಿಗರು ವಿರಳ. ಆದರೆ ಇಂದು ನಾವು ಕಾಣುವ ರಥಕ್ಕೆ ಶಿಖರವಿಲ್ಲ. ಹಿಂದೆ ಅದರ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರವೊಂದು ಇದ್ದಿತು. ಅದು ಹೇಗಿತ್ತೆಂದು ನಮಗೆ ತೋರಿಸುವುದು 1856ರಲ್ಲಿ ತೆಗೆದ ಒಂದು ಛಾಯಾಚಿತ್ರ. ಅದನ್ನು ತೆಗೆದವನು ಅಲೆಗ್ಸಾಂಡರ್ ಗ್ರೀನ್‌ಲಾ. ವೃತ್ತಿಯಿಂದ ಮದರಾಸು ಸೈನ್ಯದ ಅಧಿಕಾರಿ, ಹವ್ಯಾಸದಿಂದ ಛಾಯಾಗ್ರಾಹಕ. ಮೇಣ ಸವರಿದ ಕಾಗದದ ಮೇಲೆ ಆತ ಹಂಪೆಯ ಗುಡಿಗೋಪುರಗಳನ್ನು ಮೂಡಿಸಿಕೊಂಡನು. ನೂರಿಪ್ಪತ್ತೇಳು ವರ್ಷಗಳ ಅನಂತರ, 1983ರಲ್ಲಿ, ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಎಂಬ ಛಾಯಾಗ್ರಾಹಕರು ಗ್ರೀನ್‌ಲಾ ನಿಂತ ಸ್ಥಳಗಳಲ್ಲಿಯೇ ನಿಂತು ಅದೇ ದೃಶ್ಯಗಳನ್ನು ಮತ್ತೆ ತೆಗೆದರು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಏನು ಉಳಿದಿದೆ, ಏನು ಅಳಿದಿದೆ ಎಂಬುದು ಅಂಗೈಯ ನೆಲ್ಲಿಕಾಯಿಯಂತೆ ಸ್ಪಷ್ಟವಾಗುತ್ತದೆ. ಗ್ರೀನ್‌ಲಾ ಚಿತ್ರಿಸಿದುದು ಸುಪ್ರಸಿದ್ಧವಾದ ಸ್ಥಳವನ್ನು, ದಿನನಿತ್ಯದ ಬೀದಿಯನ್ನಲ್ಲ. ಕಲ್ಲಿನಲ್ಲಿ ಕಟ್ಟಿದ ಕೀರ್ತಿಶಾಲಿಯಾದ ಸ್ಥಳವೇ ಇಷ್ಟು ಬದಲಾಗುವುದಾದರೆ, ನಾವು ನಡೆದಾಡುವ ಸಾಮಾನ್ಯ ಬೀದಿಯ ಗತಿ ಏನು?

ಅದರ ಗತಿಯನ್ನು ನಾವು ಕಂಡೇ ಇದ್ದೇವೆ. 1990ರ ದಶಕದಲ್ಲಿ ನಮ್ಮ ನಾಡಿನ ಯಾವ ಪೇಟೆಗೆ ಹೋದರೂ ಹಳದಿ ಫಲಕದ ದೂರವಾಣಿ ಮಳಿಗೆಗಳು ಸಾಲುಸಾಲಾಗಿ ಇದ್ದುವು. ಗಾಜಿನ ಗೂಡಿನೊಳಗೆ ನಿಂತು, ಮೇಲೇರುವ ಅಂಕಿಗಳನ್ನು ನೋಡುತ್ತ, ಪರಸ್ಥಳದ ಮಗನೊಡನೆ ಗಟ್ಟಿಯಾಗಿ ಮಾತನಾಡುತ್ತಿದ್ದ ತಾಯಂದಿರನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಬೆರಳಚ್ಚು ಕಲಿಸುವ ಶಾಲೆಗಳು, ಟಾಂಗಾ ನಿಲ್ದಾಣಗಳು, ಬೀದಿಬೀದಿ ತಿರುಗಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು, ಇವೆಲ್ಲವೂ ಹೀಗೆಯೇ ಕಣ್ಮರೆಯಾದುವು ಇಲ್ಲವೆ ವಿರಳವಾದುವು. ತಂತಿಯ ಸೇವೆ 2013ರ ಜುಲೈ ತಿಂಗಳಿನಲ್ಲಿ ನಿಂತುಹೋಯಿತು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಒಂದು ಪಕ್ಕದಲ್ಲಿ ಮರಗಳ ನೆರಳಿನ ಕಾಲುದಾರಿಯೊಂದು ಇದ್ದಿತು. 2011ರಲ್ಲಿ ಓಡಲು ಆರಂಭಿಸಿದ ಮೆಟ್ರೋ ರೈಲಿನ ಮಾರ್ಗಕ್ಕಾಗಿ ಅದನ್ನು ತೆಗೆಯಬೇಕಾಯಿತು. ಬದಲಾವಣೆ ಬೇಡವೆಂದು ನಾನು ಹೇಳುತ್ತಿಲ್ಲ. ಕಾಲ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಆದರೆ ಹೋಗುವುದು ಹೋಗುವ ಮೊದಲು ಹೇಗಿತ್ತು ಎಂದು ಬಲ್ಲ ಜನ ಮಾತ್ರ ಪಡೆದುದಕ್ಕೂ ಕಳೆದುಕೊಂಡುದಕ್ಕೂ ಲೆಕ್ಕ ಹಾಕಬಲ್ಲರು. ಕೆರೆ ಇದ್ದಿತೆಂಬುದಕ್ಕೆ ಚಿತ್ರವೇ ಇಲ್ಲದ ಊರಿನಲ್ಲಿ, ಕೆರೆ ಹೋಯಿತೆಂದು ದುಃಖಿಸುವವರೂ ಒಂದು ತಲೆಮಾರಿನ ಅನಂತರ ಇರುವುದಿಲ್ಲ.

ಕರ್ನಾಟಕದಲ್ಲಿ ಈ ಹವ್ಯಾಸಕ್ಕೆ ಹಿರಿದಾದ ಪರಂಪರೆಯೇ ಇದೆ. ರಾಜ್ಯದ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ. ವೈ. ಘೋರ್ಪಡೆಯವರು ರಾಜಕಾರಣದ ಒತ್ತಡದ ನಡುವೆಯೂ ಕಾಡಿನಲ್ಲಿ ಕಾದು ಕುಳಿತು ವನ್ಯಜೀವಿಗಳ ಚಿತ್ರ ತೆಗೆದವರು. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಅವರು ಅನೇಕ ಕಿರಿಯರಿಗೆ ಈ ವಿದ್ಯೆಯನ್ನು ಧಾರೆಯೆರೆದವರು. ಹವ್ಯಾಸಿಗಳೇ ಕೂಡಿ ನಡೆಸುವ ಯೂತ್ ಫೋಟೋಗ್ರಫಿಕ್ ಸೊಸೈಟಿ ಬೆಂಗಳೂರಿನಲ್ಲಿ 1971ರಲ್ಲಿ ಹುಟ್ಟಿತು. ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತಮ್ಮ ಕಾಫಿ ತೋಟದ ಸುತ್ತಮುತ್ತ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ತಿರುಗಿದರು. ಕನ್ನಡ ಓದುಗರಿಗೆ ಹಕ್ಕಿಗಳನ್ನು ಹೆಸರು ಹಿಡಿದು ಗುರುತಿಸುವ ರುಚಿ ಹತ್ತಿಸಿದರು. ಅವರ ಪುಸ್ತಕಗಳನ್ನು ಓದಿದವರು ಮನೆಯ ಪಕ್ಕದ ಬೇಲಿಯನ್ನು ಮೊದಲಿನಂತೆ ನೋಡಲಾರರು. ಹತ್ತಿರದ್ದನ್ನು ಹೊಸದಾಗಿ ಕಾಣುವಂತೆ ಮಾಡುವುದೇ ಈ ಹವ್ಯಾಸದ ದೊಡ್ಡ ಫಲ.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ಒಂದು ಹೊಂಗೆಯ ಮರ ಸಾಕು. ಚಳಿಗಾಲದ ಕೊನೆಯಲ್ಲಿ ಅದು ಎಲೆ ಉದುರಿಸುತ್ತದೆ. ಯುಗಾದಿ ಸಮೀಪಿಸುವ ಹೊತ್ತಿಗೆ ಬೆಳಕನ್ನೇ ಸೋಸಿ ಇಳಿಸುವಂಥ ಎಳೆಹಸುರಿನ ತಳಿರು ಹೊಮ್ಮುತ್ತದೆ. ಬೆನ್ನಲ್ಲಿಯೇ ಹೂ, ಮರದ ತುಂಬ ಜೇನಿನ ಮೊರೆತ, ಬುಡದಲ್ಲಿ ಬಿಳಿ-ನಸುನೇರಿಳೆ ಬಣ್ಣದ ಹೂಹಾಸು. ಮುಂದೆ ಎಲೆಗಳ ಮೇಲೆ ಬಿಳಿಯ ವಕ್ರರೇಖೆಗಳು ಕಾಣಿಸಿಕೊಳ್ಳುತ್ತವೆ; ಎಲೆಯ ಒಳಗೇ ಸುರಂಗ ಕೊರೆದು ಬದುಕುವ ಹುಳುವಿನ ಬರಹ ಅದು. ಮರದ ಕೆಳಗೆ ಚಪ್ಪಲಿ ಹೊಲಿಯುವವನ ಪೆಟ್ಟಿಗೆ, ನೆರಳಿಗೆ ನಿಲ್ಲಿಸಿದ ಆಟೋರಿಕ್ಷಾ, ಕಟ್ಟೆಯ ಮೇಲೆ ಹರಟುವ ಮುದುಕರು. ವಾರಕ್ಕೊಂದು ಬಾರಿ, ಒಂದೇ ಜಾಗದಲ್ಲಿ ನಿಂತು, ಒಂದೇ ಹೊತ್ತಿನಲ್ಲಿ ಈ ಮರದ ಚಿತ್ರ ತೆಗೆದರೆ ವರ್ಷಕ್ಕೆ ಐವತ್ತೆರಡು ಚಿತ್ರಗಳಾಗುತ್ತವೆ. ಬೀದಿಯ ಬದುಕೂ ಪ್ರಕೃತಿಯ ನಡೆಯೂ ಬೇರೆಬೇರೆಯಲ್ಲ ಎಂಬುದನ್ನು ಅವು ತೋರಿಸುತ್ತವೆ. ಹತ್ತು ವರ್ಷ ಹೀಗೆ ನಡೆಸಿದರೆ, ಚಿಗುರುವ ಹೂಬಿಡುವ ದಿನಗಳು ಹಿಂದೆ ಮುಂದೆ ಸರಿದಿವೆಯೇ ಎಂಬುದೂ ತಿಳಿಯುತ್ತದೆ. ಇಂಥ ದಾಖಲೆಗೆ ವಿಜ್ಞಾನಿಗಳು ಬೆಲೆ ಕೊಡುತ್ತಾರೆ. 2002ರಲ್ಲಿ ಆರಂಭವಾದ ಇ-ಬರ್ಡ್, 2008ರಲ್ಲಿ ಆರಂಭವಾದ ಐನ್ಯಾಚುರಲಿಸ್ಟ್ ಮೊದಲಾದ ಯೋಜನೆಗಳಲ್ಲಿ ಜಗತ್ತಿನ ಲಕ್ಷಾಂತರ ಹವ್ಯಾಸಿಗಳು ತಾವು ಕಂಡ ಜೀವಿಗಳ ವಿವರವನ್ನು ದಿನಾಂಕ, ಸ್ಥಳಗಳೊಂದಿಗೆ ಸಲ್ಲಿಸುತ್ತಿದ್ದಾರೆ. ಒಬ್ಬ ವಿಜ್ಞಾನಿ ಎಲ್ಲ ಊರುಗಳಲ್ಲಿಯೂ ಇರಲಾರ, ಹವ್ಯಾಸಿಗಳು ಇರಬಲ್ಲರು.

ಇಲ್ಲಿ ಒಂದು ಆಕ್ಷೇಪಣೆಗೆ ಸಮಾಧಾನ ಹೇಳಬೇಕು. ಕ್ಯಾಮೆರಾ ಕೈಗೆ ಬಂದರೆ ಮನುಷ್ಯ ನೋಡುವುದನ್ನೇ ಮರೆಯುತ್ತಾನೆ, ಸೂರ್ಯಾಸ್ತದ ಸೊಬಗನ್ನು ಸವಿಯುವ ಬದಲು ಗುಂಡಿ ಒತ್ತುವುದರಲ್ಲಿ ಮೈಮರೆಯುತ್ತಾನೆ ಎಂದು ಕೆಲವರು ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ದೋಷ ಇರುವುದು ಅವಸರದಲ್ಲಿ, ಕ್ಯಾಮೆರಾದಲ್ಲಿ ಅಲ್ಲ. ಸರಿಯಾಗಿ ಚಿತ್ರ ತೆಗೆಯಲು ಹೊರಟವನು ನೋಡಲೇಬೇಕಾಗುತ್ತದೆ. ಬೆಳಕು ಯಾವ ದಿಕ್ಕಿನಿಂದ ಬರುತ್ತಿದೆ? ನಡುಹಗಲಿನ ನೆತ್ತಿಯ ಬಿಸಿಲು ಮುಖಗಳ ಮೇಲೆ ಕಪ್ಪು ನೆರಳು ಚೆಲ್ಲುತ್ತದೆ. ಬೆಳಗಿನ ಓರೆ ಬೆಳಕು ಗೋಡೆಯ ಒರಟುತನವನ್ನೂ ಕೈಯ ಸುಕ್ಕನ್ನೂ ಮೃದುವಾಗಿ ಬಿಡಿಸಿ ತೋರಿಸುತ್ತದೆ. ಹಾರುವ ಹಕ್ಕಿಯ ರೆಕ್ಕೆಯನ್ನು ನಿಲ್ಲಿಸಿ ತೋರಿಸಬೇಕಾದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಮಾತ್ರ ಶಟರ್ ತೆರೆಯಬೇಕು. ಹರಿಯುವ ನೀರಿನ ನಯವನ್ನು ತೋರಿಸಲು ಹೆಚ್ಚು ಹೊತ್ತು ತೆರೆಯಬೇಕು. ಗೀಜಗನ ಗಂಡು ಹಕ್ಕಿ ಮಳೆಗಾಲದಲ್ಲಿ ಹುಲ್ಲಿನ ಎಳೆಗಳನ್ನು ಹೆಣೆದು ಗೂಡನ್ನು ಅರ್ಧ ಮುಗಿಸಿ, ಹೆಣ್ಣು ಹಕ್ಕಿ ಬಂದು ಒಪ್ಪಿದ ಮೇಲೆಯೇ ಅದನ್ನು ಪೂರ್ತಿಗೊಳಿಸುತ್ತದೆ. ಇದನ್ನು ಒಂದು ಚಿತ್ರಕ್ಕಾಗಿ ದೂರದಲ್ಲಿ ಕುಳಿತು ಕಾದವನು ಗೀಜಗನನ್ನು ಬಲ್ಲಷ್ಟು, ದಾರಿಯಲ್ಲಿ ಹೋಗುತ್ತ ಕಣ್ಣು ಹಾಯಿಸಿದವನು ಬಲ್ಲನೇ? ತಾಳಿದವನು ಬಾಳಿಯಾನು ಎಂಬ ಮಾತು ಛಾಯಾಗ್ರಾಹಕನಿಗೂ ಅನ್ವಯಿಸುತ್ತದೆ. ನೂರು ಚಿತ್ರ ತೆಗೆದು ತೊಂಬತ್ತೊಂಬತ್ತನ್ನು ಅಳಿಸುವುದಕ್ಕಿಂತ, ಹತ್ತು ನಿಮಿಷ ನಿಂತು ನೋಡಿ ಒಂದು ಚಿತ್ರ ತೆಗೆಯುವುದು ಲೇಸು.

ತಾಳ್ಮೆಯಷ್ಟೇ ಅಗತ್ಯವಾದುದು ಗೌರವ. ಬೀದಿ ಎಲ್ಲರದು, ನಿಜ. ಬೀದಿಯಲ್ಲಿರುವ ಮನುಷ್ಯನು ಎಲ್ಲರ ಸೊತ್ತಲ್ಲ. ನಮ್ಮ ದೇಶದಲ್ಲಿ ಅನೇಕರಿಗೆ ಬೀದಿಯೇ ಅಂಗಡಿ, ಬೀದಿಯೇ ಅಡುಗೆಮನೆ, ಬೀದಿಯೇ ಮಲಗುವ ಕೋಣೆ. ಮರೆ ಮಾಡಿಕೊಳ್ಳಲು ಗೋಡೆಯಿಲ್ಲ ಎಂಬ ಒಂದೇ ಕಾರಣಕ್ಕಾಗಿ ಅವರ ಸಂಕಟವು ನಮ್ಮ ಚಿತ್ರಕ್ಕೆ ವಸ್ತುವಾಗಬಾರದು. ಹರಿದ ಅಂಗಿಯ ಮಗುವಿನ ಚಿತ್ರ ತೆಗೆದು ಬಹುಮಾನ ಪಡೆಯುವವರು, ತಮ್ಮ ಮಗುವಿನ ಅಂತಹ ಚಿತ್ರವನ್ನು ಅಪರಿಚಿತನೊಬ್ಬನು ತೆಗೆದು ಊರಿಗೆಲ್ಲ ತೋರಿಸಿದರೆ ಸಹಿಸುವರೇ ಎಂದು ಕೇಳಿಕೊಳ್ಳಲಿ. 2017ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕು ಎಂದು ತೀರ್ಪಿತ್ತಿತು. ಆದರೆ ಇದು ಕಾನೂನಿಗಿಂತ ಹೆಚ್ಚಾಗಿ ಸೌಜನ್ಯದ ಮಾತು. ಬಳಿ ಹೋಗಿ, ಎರಡು ಮಾತನಾಡಿ, ಒಪ್ಪಿಗೆ ಪಡೆಯಬಹುದು. ಬೇಡವೆಂದು ಕೈಯಾಡಿಸಿದವರ ಚಿತ್ರವನ್ನು ತೆಗೆಯದಿರಬಹುದು. ಒಲ್ಲೆನೆನ್ನುವ ಅಧಿಕಾರ ಸೊಪ್ಪು ಮಾರುವವಳಿಗೂ ಇದೆ. ಆಕೆಯ ದಾರಿದ್ರ್ಯವನ್ನು ಹುಡುಕುವ ಬದಲು, ತಕ್ಕಡಿ ಹಿಡಿದ ಆಕೆಯ ಕೈಯ ಖಚಿತತೆಯನ್ನು, ಸೊಪ್ಪನ್ನು ಜೋಡಿಸಿದ ಅಚ್ಚುಕಟ್ಟನ್ನು ನೋಡುವ ಕಣ್ಣು ಹವ್ಯಾಸಿಗೆ ಇರಬೇಕು.

ಮಾತನಾಡಲಾರದ ಜೀವಿಗಳ ವಿಷಯದಲ್ಲಿ ಈ ಹೊಣೆ ಇನ್ನೂ ಹೆಚ್ಚಿನದು. ಮರಿಗಳಿರುವ ಗೂಡು ಸ್ಪಷ್ಟವಾಗಿ ಕಾಣಲಿ ಎಂದು ಸುತ್ತಲಿನ ಎಲೆಗಳನ್ನು ಕತ್ತರಿಸುವವರಿದ್ದಾರೆ. ಆ ಎಲೆಗಳು ಮರಿಗಳಿಗೆ ಬಿಸಿಲಿನಿಂದ ರಕ್ಷಣೆ, ಕಾಗೆ ಹಾವುಗಳ ಕಣ್ಣಿನಿಂದ ಮರೆ. ಬೆದರಿದ ತಾಯಿಹಕ್ಕಿ ಗೂಡಿಗೆ ಮರಳದೆ ಹೋಗಬಹುದು. ಕ್ಯಾಮೆರಾ ಹಿಡಿದವನು ತೃಪ್ತಿಯಿಂದ ಮನೆಗೆ ಮರಳಿದ ಮೇಲೆ ಗೂಡಿನಲ್ಲಿ ನಡೆಯುವ ದುರಂತವು ಅವನ ಚಿತ್ರದಲ್ಲಿ ಕಾಣುವುದಿಲ್ಲ. ಮರಿಗಳ ಜೀವಕ್ಕೆ ಎರವಾಗುವ ಚಿತ್ರ ಎಷ್ಟೇ ಸುಂದರವಾಗಿರಲಿ, ಅದು ಹಿಂಸೆಯ ಫಲ. ಚಿತ್ರ ತಪ್ಪಿದರೆ ಮತ್ತೊಂದು ದಿನ ದೊರೆತೀತು. ಜೀವ ಹೋದರೆ ದೊರೆಯದು.

ಮೂರನೆಯದು ಕಾಪಾಡುವ ಎಚ್ಚರ. ಗ್ರೀನ್‌ಲಾ ಮೇಣದ ಕಾಗದದ ಮೇಲೆ ತೆಗೆದ ಚಿತ್ರಗಳು ಒಂದೂವರೆ ಶತಮಾನ ದಾಟಿಯೂ ನಮ್ಮ ಕಣ್ಣಿಗೆ ದೊರೆತಿವೆ. ನಮ್ಮ ಮೊಬೈಲ್ ಫೋನಿನಲ್ಲಿರುವ ಸಾವಿರಾರು ಚಿತ್ರಗಳು ಫೋನು ನೀರಿಗೆ ಬಿದ್ದರೆ, ಕಳೆದುಹೋದರೆ, ಅಂದೇ ಇಲ್ಲವಾಗಬಹುದು. ಆದುದರಿಂದ ವರ್ಷಕ್ಕೆ ಹನ್ನೆರಡು ಚಿತ್ರಗಳನ್ನಾದರೂ ಆರಿಸಿ ಕಾಗದದ ಮೇಲೆ ಮುದ್ರಿಸಿಡಬೇಕು. ಪ್ರತಿಯೊಂದರ ಹಿಂದೆಯೂ ಸ್ಥಳ, ದಿನಾಂಕ, ಕಂಡುದೇನು ಎಂಬುದನ್ನು ಬರೆಯಬೇಕು. ಹೆಸರಿಲ್ಲದ, ದಿನಾಂಕವಿಲ್ಲದ ಚಿತ್ರವು ವಿಳಾಸವಿಲ್ಲದ ಕಾಗದದಂತೆ. ಬರೆದವರ ಶ್ರಮವೆಲ್ಲ ಇದ್ದರೂ ಸೇರಬೇಕಾದವರನ್ನು ಸೇರುವುದಿಲ್ಲ. ಇಂದು ಈ ಎಚ್ಚರಕ್ಕೆ ಮತ್ತೊಂದು ಕಾರಣವೂ ಒದಗಿದೆ. ಎಂದೂ ಇರದಿದ್ದ ಬೀದಿಯನ್ನು, ಎಂದೂ ಹುಟ್ಟದ ಮನುಷ್ಯನ ಮುಖವನ್ನು, ನಿಜವೆಂದೇ ತೋರುವಂತೆ ಯಂತ್ರಗಳು ಕ್ಷಣಮಾತ್ರದಲ್ಲಿ ರಚಿಸಿಕೊಡುತ್ತಿವೆ. ಇಂಥ ಕಾಲದಲ್ಲಿ, ನಾನು ಇಂಥ ದಿನ ಇಂಥ ಬೀದಿಯಲ್ಲಿ ನಿಂತಿದ್ದೆ, ಇದನ್ನು ಕಂಡೆ, ಏನ‌ನ್ನೂ ಸೇರಿಸಲಿಲ್ಲ, ಏನನ್ನೂ ಅಳಿಸಲಿಲ್ಲ ಎಂದು ಹೇಳಬಲ್ಲ ಪ್ರಾಮಾಣಿಕ ಹವ್ಯಾಸಿಯ ಸಾಕ್ಷ್ಯಕ್ಕೆ ಹಿಂದೆಂದಿಗಿಂತ ಹೆಚ್ಚಿನ ಬೆಲೆ ಬಂದಿದೆ.

ಪ್ರತಿಯೊಂದು ಶಾಲೆಯೂ ತನ್ನ ಊರಿನ ಚಿತ್ರಸಂಪುಟವೊಂದನ್ನು ಕಟ್ಟಿಕೊಳ್ಳುವುದು ಕಷ್ಟವಲ್ಲ. ಎಲ್ಲರ ಕೈಯಲ್ಲಿಯೂ ಕ್ಯಾಮೆರಾ ಇರಬೇಕಾಗಿಲ್ಲ. ಒಂದು ಮೊಬೈಲ್ ಫೋನು, ಒಂದು ದಪ್ಪ ಹಾಳೆಯ ಪುಸ್ತಕ, ಅಂದವಾಗಿ ಬರೆಯಬಲ್ಲ ಒಬ್ಬ ವಿದ್ಯಾರ್ಥಿ ಇದ್ದರೆ ಸಾಕು. ಈ ವರ್ಷ ಊರ ಕೆರೆಯಲ್ಲಿ ನೀರು ಎಷ್ಟಿತ್ತು, ಸಂತೆಯಲ್ಲಿ ಏನೇನು ಮಾರಾಟಕ್ಕೆ ಬಂದಿತ್ತು, ಬಸ್ ನಿಲ್ದಾಣದ ಆಲದ ಮರ ಎಷ್ಟು ಹರಡಿತ್ತು, ಕಮ್ಮಾರನ ಕುಲುಮೆಯಲ್ಲಿ ಇನ್ನೂ ಬೆಂಕಿ ಉರಿಯುತ್ತಿತ್ತೇ ಎಂಬುದನ್ನೆಲ್ಲ ಅದು ಹೇಳಲಿ. ಸಂಪುಟದ ಒಂದು ಪ್ರತಿ ಊರಿನ ಗ್ರಂಥಾಲಯದಲ್ಲಿರಲಿ. ಮುಂದಿನ ವರ್ಷದ ವಿದ್ಯಾರ್ಥಿಗಳು ಅದೇ ಜಾಗಗಳಲ್ಲಿ ನಿಂತು ಮುಂದಿನ ಪುಟಗಳನ್ನು ತುಂಬಲಿ. ಇದಕ್ಕೆ ಬಹುಮಾನ ದೊರೆಯದು, ಪತ್ರಿಕೆಗಳಲ್ಲಿ ಹೆಸರು ಬಾರದು. ಆದರೆ ಇನ್ನು ಐವತ್ತು ವರ್ಷಗಳ ಮೇಲೆ, ತನ್ನ ಊರಿನ ಹಿರಿಯರು ಹೇಗೆ ಬದುಕಿದ್ದರೆಂದು ತಿಳಿಯಬಯಸುವ ಹುಡುಗಿಯೊಬ್ಬಳು ಆ ಪುಟಗಳನ್ನು ತಿರುವಿದಾಗ, ಇಂದಿನ ಒಂದು ಸಾಧಾರಣ ಬೆಳಗು ಅವಳ ಕಣ್ಣಮುಂದೆ ಇರುತ್ತದೆ.